ತಿಥಿ ಪುಸ್ತಕದಲ್ಲಿ ಒಂದು ಸಾಲು

ಒಬ್ಬರಿಗೆ ಒಂದೇ ಸಾಲು, ಅಂದರು ಮಠದಮ್ಮ.
ಕರುವಿನ ಚರ್ಮ ಅಗ್ಗವಲ್ಲ,
ಸತ್ತವರಿಗಂತೂ ಕೊನೆಯಿಲ್ಲ.
ಹೆಸರು, ಪದವಿ, ಕೊಟ್ಟ ದಾನ. ಅಷ್ಟು ಬರಿ ಸಾಕು, ಅಮೀಸ್.
ನಿನ್ನ ಅಪ್ಪ ಎಂಬುದು
ದೇವರಿಗೆ ಗೊತ್ತೇ ಇದೆ.

ಹೆಬ್ಬಾತಿನ ಗರಿ ಹಿಡಿದು ಕೂತಿದ್ದೇನೆ.
ವಾರಿನ್ ಡಿ ಆರ್ನ್‌ವಿಕ್, ನೈಟ್.
ಇಷ್ಟರಲ್ಲೇ ಅರ್ಧ ಸಾಲು ಮುಗಿಯಿತು.
ಎಡಗೈಯ ಕಿರುಬೆರಳನ್ನು
ಗ್ಯಾಸ್ಕನಿಯಲ್ಲೆಲ್ಲೋ ಬಿಟ್ಟು ಬಂದದ್ದು,
ಉಪವಾಸದ ಶುಕ್ರವಾರ ಉಗ್ರಾಣದಲ್ಲಿ ನಿಂತು
ಕದ್ದು ಚೀಸ್ ತಿನ್ನುತ್ತಿದ್ದದ್ದು,
ಅಮ್ಮ ಹಾವಿಸ್ ತೀರಿಕೊಂಡ ವರ್ಷ
ಯಾರೊಡನೆಯೂ ಮಾತಿಲ್ಲದೆ
ಕೋಟೆಯ ಕಂದಕದ ಹೂಳೆತ್ತಿಸಿದ್ದು,
ತಾನೂ ಮೊಣಕಾಲುದ್ದ ಕೆಸರಲ್ಲಿ ಇಳಿದದ್ದು:
ಎಲ್ಲಿ ಬರೆಯಲಿ?

ನಾನು ಹರಕೆಯ ಮಗು.
ಬೋರ್ಡೋ ಬಂದರಿನಿಂದ ದ್ರಾಕ್ಷಾರಸದ ಪೀಪಾಯಿಗಳ ಜೊತೆ
ಮರಳುವಾಗ ಬಿರುಗಾಳಿಗೆ ಹಡಗಿನ ಕೂವೆ ಮುರಿಯಿತಂತೆ.
ದಡ ಮುಟ್ಟಿಸು ಮೇರಿತಾಯಿ,
ನನಗೆ ಅತಿ ಪ್ರಿಯವಾದ್ದು ನಿನ್ನದು,
ಅಂತ ವಾಂತಿಯ ನಡುವೆ ಕೂಗಿದನಂತೆ.
ತಾಯಿ ಮುಟ್ಟಿಸಿದಳು.
ಮನೆಗೆ ಬಂದವನು ಬೂಟು ಕಳಚದೆ ಕೂತು
ಇರುವುದನ್ನೆಲ್ಲ ಎಣಿಸಿದ:
ಮೂರು ಊರು, ಒಂದು ನೀರಗಿರಣಿ,
ಬೂದುಬಣ್ಣದ ಹೆಣ್ಣುಕುದುರೆ,
ಗಂಡುಮಕ್ಕಳಿಬ್ಬರು, ಕುರುಡಾಗುತ್ತಿದ್ದ ಒಂದು ಗಿಡುಗ,
ಏಳು ವರ್ಷದ ನಾನು.

ನನ್ನನ್ನು ಕೊಟ್ಟ.
ಗಿರಣಿಯ ಬಾಡಿಗೆಯನ್ನೂ ಕೊಟ್ಟ, ನನ್ನ ಅನ್ನಕ್ಕೆ.

ಬಿಡಲು ಬಂದ ಅಣ್ಣ ಐವೋ
ಗಾಡಿಯ ಪಕ್ಕದಲ್ಲಿ ಬೂದುಕುದುರೆ ನಡೆಸುತ್ತ ನಕ್ಕ:
ಪೆದ್ದಿ, ಅಪ್ಪನಿಗೆ ಪ್ರಿಯವಾದ್ದು
ಇಗೋ, ನನ್ನ ತೊಡೆಯ ಕೆಳಗಿದೆ.
ಸ್ವರ್ಗದಲ್ಲಿ ಲಾಯ ಎಲ್ಲಿಂದ ಬರಬೇಕು?
ಆ ಮಾತು ಮುಳ್ಳಿನ ಹಾಗೆ ಉಳಿಯಿತು.
ಐವೋ ಉಳಿಯಲಿಲ್ಲ. ಪಿಡುಗಿನ ವರ್ಷ ಅವನ ಸಾಲನ್ನೂ
ನಾನೇ ಬರೆದೆ; ಅಂದು ಮಸಿ ನೀರಾಗಿತ್ತು,
ಈಗ ಅವನ ಹೆಸರನ್ನು ಬೆಳಕಿಗೆ ಓರೆ ಹಿಡಿದು ಓದಬೇಕು.

ಮೂವತ್ತೊಂದು ವರ್ಷದಲ್ಲಿ ಅಪ್ಪ ಬಂದದ್ದು ಮೂರು ಸಲ.
ಮೊದಲ ಸಲ ಒಂದು ಪೀಪಾಯಿ ಹಾವುಮೀನು ತಂದ.
ಕಂಬಿಯ ಆಚೆಯಿಂದ ಕೇಳಿದ, ಉಪ್ಪು ಸಾಕೇ?
ಸಾಕು ಅಂದೆ. ಇನ್ನೂ ರುಚಿ ನೋಡಿರಲಿಲ್ಲ.
ಎರಡನೆಯ ಸಲ ಐವೋನ ಸುದ್ದಿ ಹೇಳಲು ಬಂದು
ರಸ್ತೆ ಕೆಟ್ಟಿದೆ ಎಂದಷ್ಟೇ ಹೇಳಿ ಹೋದ.
ಮೂರನೆಯ ಸಲ ನನಗೆ ಜ್ವರ. ಬಂದಿದ್ದನಂತೆ.

ನಿನ್ನೆ ಪಾರುಪತ್ಯಗಾರ ಓಸ್ಬರ್ಟ್ ಉಯಿಲು ತಂದು ಓದಿದ.
ಖಡ್ಗ, ಊರುಗಳು ಡ್ರೋಗೋಗೆ
(ಗಿರಣಿ ವಾಪಸು ಸಿಗುವುದೇ ಎಂದು
ಅವನ ಕಾಗದ ಮೊದಲೇ ಬಂದಿದೆ),
ಪರದೆ ಸಮೇತ ಮಂಚ ಕಿರಿಯ ಹೆಂಡತಿ ಪೆಟ್ರೊನಿಲಾಗೆ,
ಮಠಕ್ಕೆ ಆರು ಮೇಣದ ಬತ್ತಿ.
ಮಗಳು ಎಂಬ ಪದ ಇರಲಿಲ್ಲ.
ಲ್ಯಾಟಿನ್ ನನಗೆ ಬರುತ್ತದೆ, ಹುಡುಕಿದೆ.

ಟೋಪಿ ತಿರುವುತ್ತ ಮುದುಕ ನಿಂತೇ ಇದ್ದ.
ಹೇಳಬಹುದೋ ಇಲ್ಲವೋ ತಾಯಿ,
ನೀವು ಇತ್ತ ಬಂದ ವಸಂತದಲ್ಲಿ ಬೂದುಕುದುರೆ ಮರಿ ಹಾಕಿತು.
ದೊರೆ ಅದಕ್ಕೆ ಅಮೀಸ್ ಅಂತ ಹೆಸರಿಟ್ಟರು.
ಅದು ಸತ್ತ ಮೇಲೆ ಇನ್ನೊಂದಕ್ಕೂ ಅದೇ.
ಒಟ್ಟು ನಾಲ್ಕು, ಲಾಯದ ಹುಡುಗರಿಗೆ ಲೆಕ್ಕ ತಪ್ಪುತ್ತಿತ್ತು.
ಕತ್ತಲಾಗುವ ಹೊತ್ತಿಗೆ ಬೇಲಿಗೊರಗಿ
ಹುಲ್ಲುಗಾವಲಿನ ಕಡೆ ಕೂಗುತ್ತಿದ್ದರು, ಅಮೀಸ್, ಅಮೀಸ್ ಅಂತ,
ಮಂಜಿರಲಿ, ಕೆಮ್ಮಿರಲಿ.
ಇದು ತಮಗೆ ಗೌರವವೋ ಅಗೌರವವೋ, ನಾನರಿಯೆ.

ಅವನಿಗೆ ಒಂದು ಲೋಟ ಬಿಯರ್ ಕೊಡಿಸಿ ಕಳಿಸಿದೆ.

ಮಠಕ್ಕೆ ಆರು ಮೇಣದ ಬತ್ತಿ ಕೊಟ್ಟವನು.
ಬರೆದಾಯಿತು. ಅಕ್ಷರ ಒತ್ತಾಗಿ ಬರೆದದ್ದಕ್ಕೆ
ಕೊನೆಯಲ್ಲಿ ಒಂದು ಬೆರಳಗಲ ಚರ್ಮ ಖಾಲಿ.
ಸಂಜೆಯ ಗಂಟೆ ಹೊಡೆಯುತ್ತಿದೆ, ಏಳಬೇಕು.
ಓಸ್ಬರ್ಟ್ ಈಗ ನದಿ ದಾಟಿರುತ್ತಾನೆ.
ಕೇಳಬೇಕಾದ್ದು ಈಗ ಹೊಳೆಯುತ್ತಿದೆ:
ಕರೆದಾಗ,
ಅದು ಬರುತ್ತಿತ್ತೇ?